ಕೊನೆಯ ಮಾತು ಯಾರದು? – ಬೆನಗಲ್ ನರಸಿಂಗ ರಾಯರ ನೆನಪು



ನವೆಂಬರ್ 26 ಸಂವಿಧಾನ ದಿನ. ಅದಾಗಿ ನಾಲ್ಕೇ ದಿನಕ್ಕೆ, ನವೆಂಬರ್ 30ರಂದು, ಆ ಸಂವಿಧಾನದ ಮೊದಲ ಕರಡು ಸಿದ್ಧಪಡಿಸಿದ ಬೆನಗಲ್ ನರಸಿಂಗ ರಾಯರ ಪುಣ್ಯತಿಥಿ. ಮೊದಲನೆಯದು ನಮಗೆ ನೆನಪಿರುತ್ತದೆ, ಎರಡನೆಯದು ಇರುವುದಿಲ್ಲ. ಕಾಸರಗೋಡು ದಕ್ಷಿಣ ಕನ್ನಡದ ಒಂದು ತಾಲೂಕಾಗಿದ್ದ ಕಾಲದಲ್ಲಿ ಅದೇ ಜಿಲ್ಲೆಯಿಂದ ಹೊರಟವರು ಅವರು. ಆ ಲೆಕ್ಕದಲ್ಲಿ ನಮ್ಮವರೇ.

ರಾಯರು ಹುಟ್ಟಿದ್ದು 1887ರ ಫೆಬ್ರವರಿ 26ರಂದು, ಸಾರಸ್ವತ ಮನೆತನದಲ್ಲಿ. ತಂದೆ ವೈದ್ಯರು. ತಮ್ಮಂದಿರಲ್ಲಿ ರಾಮ ರಾಯರು ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು, ಶಿವ ರಾಯರು ಪತ್ರಕರ್ತರಾಗಿ ಸಂವಿಧಾನ ಸಭೆಯ ಸದಸ್ಯರಾದರು. ನರಸಿಂಗ ರಾಯರು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಮದರಾಸು, ಕೇಂಬ್ರಿಜ್ ದಾಟಿ, ಐ.ಸಿ.ಎಸ್. ಪಾಸಾಗಿ ಬಂಗಾಳಕ್ಕೆ ಹೋದರು. 1935ರ ಭಾರತ ಸರಕಾರದ ಕಾಯಿದೆ ಬಂದಾಗ ದೇಶದ ಹಳೆಯ ಕಾನೂನುಗಳನ್ನೆಲ್ಲ ಅದಕ್ಕೆ ಹೊಂದಿಸಿ ತಿದ್ದುವ ಕೆಲಸ ಅವರ ಪಾಲಿಗೆ ಬಂತು. ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಹಿಂದೂ ಕಾನೂನು ಸಮಿತಿಯ ಅಧ್ಯಕ್ಷತೆ ವಹಿಸಿದರು. 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾದರು. ಈ ಕೆಲಸಕ್ಕೆ ಅವರು ಸಂಬಳ ಪಡೆಯಲಿಲ್ಲ. 1947ರ ಅಕ್ಟೋಬರದಲ್ಲಿ ಅವರ ಕರಡು ಸಿದ್ಧವಾಯಿತು. ಅದನ್ನು ಮುಂದಿಟ್ಟುಕೊಂಡೇ ಡಾ. ಅಂಬೇಡ್ಕರರ ಸಮಿತಿ ಕೆಲಸ ಮಾಡಿತು. ಕೊನೆಯಲ್ಲಿ ಅಂಬೇಡ್ಕರರು ಸಭೆಯ ಎದುರೇ ಶ್ರೇಯಸ್ಸಿನ ಒಂದು ಪಾಲನ್ನು ರಾಯರಿಗೆ ಕೊಟ್ಟರು.

ಗುಮಾಸ್ತನಾಗಿ ದುಡಿದವನಿಗೆ ಕಡತ ಬಂದಾಗ ಮೊದಲು ಏಳುವ ಪ್ರಶ್ನೆ, ಇದಕ್ಕೆ ಕೊನೆಯ ಸಹಿ ಯಾರದು ಎಂದು. ರಾಯರ ಎದುರಿದ್ದುದೂ ಇದೇ ಪ್ರಶ್ನೆ. ಜನ ಆರಿಸಿದ ಸಭೆ ಕಾನೂನು ಮಾಡಿದ ಮೇಲೆ ನ್ಯಾಯಾಧೀಶ ಅದನ್ನು ಬೇಡವೆನ್ನಬಹುದೇ?

ಫ್ರಾನ್ಸ್ ಈ ಪ್ರಶ್ನೆಗೆ ಬಹಳ ಹಿಂದೆಯೇ ಒಂದು ಉತ್ತರ ಕೊಟ್ಟಿತ್ತು. ಅಲ್ಲಿ ಅರಸನ ಆಜ್ಞೆ ಮೇಲಿನ ನ್ಯಾಯಾಲಯಗಳಲ್ಲಿ ದಾಖಲಾಗಬೇಕಿತ್ತು. ನ್ಯಾಯಾಧೀಶನ ಹುದ್ದೆಯೋ, ದುಡ್ಡು ಕೊಟ್ಟು ಕೊಳ್ಳುವ ಸೊತ್ತು. ಅಧಿಕಾರ ಒಂದೇ ಕೈಯಲ್ಲಿರಬಾರದೆಂದು 1748ರಲ್ಲಿ ಬರೆದ ಮಾಂಟೆಸ್ಕ್ಯೂ ಕೂಡ ಅಂಥ ಹುದ್ದೆಯನ್ನು ದೊಡ್ಡಪ್ಪನಿಂದ ಪಡೆದು ಬಳಿಕ ಮಾರಿದವನು. ಈ ನ್ಯಾಯಾಲಯಗಳು ಸುಧಾರಣೆಗಳಿಗೆ ಅಡ್ಡ ನಿಂತದ್ದನ್ನು ಕಂಡಿದ್ದ ಕ್ರಾಂತಿಕಾರರು, ಶಾಸನಸಭೆಯ ಕೆಲಸಕ್ಕೆ ನ್ಯಾಯಾಲಯ ಕೈ ಹಾಕಕೂಡದೆಂದು 1790ರಲ್ಲಿ ವಿಧಿಸಿದರು. ಜಾರಿಯಲ್ಲಿರುವ ಕಾನೂನು ಸಂವಿಧಾನಕ್ಕೆ ವಿರುದ್ಧವೆಂದು ದಾವೆಯಲ್ಲಿ ವಾದಿಸುವ ಹಕ್ಕು ಅಲ್ಲಿನ ಪ್ರಜೆಗೆ ಸಿಕ್ಕಿದ್ದು 2010ರಲ್ಲಿ. ಅಮೆರಿಕದ ದಾರಿ ಬೇರೆ. ಸಂವಿಧಾನಕ್ಕೆ ಒಪ್ಪದ ಕಾನೂನನ್ನು ಬದಿಗೊತ್ತುವ ಅಧಿಕಾರ ತನಗಿದೆಯೆಂದು ಅಲ್ಲಿನ ಸುಪ್ರೀಂ ಕೋರ್ಟು 1803ರಲ್ಲೇ ಹೇಳಿತ್ತು.

ನಮ್ಮ ಮೂಲಭೂತ ಹಕ್ಕುಗಳ ಆರಂಭದ ಕರಡಿನಲ್ಲಿ ಅಮೆರಿಕದ ಮಾದರಿಯಿತ್ತು: ಜೀವ, ಸ್ವಾತಂತ್ರ್ಯಗಳನ್ನು ಕಸಿಯುವ ಕ್ರಮ ನ್ಯಾಯವಾಗಿದೆಯೇ ಎಂದು ಕೋರ್ಟು ನೋಡಬಹುದಿತ್ತು. 1947ರ ಕೊನೆಯಲ್ಲಿ ರಾಯರು ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್‌ಗಳಿಗೆ ಹೋಗಿ ಅಲ್ಲಿನ ತಜ್ಞರನ್ನು ಕಂಡರು. ಚುನಾಯಿತ ಸಭೆಯ ಕಾನೂನನ್ನು ಕೆಲವೇ ನ್ಯಾಯಾಧೀಶರು ತಡೆಯುವುದು ಪ್ರಜಾಪ್ರಭುತ್ವಕ್ಕೆ ಒಪ್ಪದು ಎಂದು ಅಮೆರಿಕದ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರಿಗೆ ಹೇಳಿದರು. ರಾಯರಿಗೂ ಅದು ಸರಿಕಂಡಿತು. ಕರಡು ಬದಲಾಯಿತು. ಜಪಾನಿನ 1946ರ ಸಂವಿಧಾನದ ಮಾದರಿಯಲ್ಲಿ, ಕಾನೂನು ವಿಧಿಸಿದ ಕ್ರಮವಿದ್ದರೆ ಸಾಕು ಎಂಬ ಅರ್ಥದ ಮಾತು 21ನೆಯ ವಿಧಿಗೆ ಬಂತು.

ಇಲ್ಲಿ ರಾಯರ ಲೆಕ್ಕ ತಪ್ಪಿತೆಂದೇ ನನಗೆ ಕಾಣುತ್ತದೆ. ಕಾನೂನೇ ಅನ್ಯಾಯದ್ದಾದರೆ ಜನ ಎಲ್ಲಿಗೆ ಹೋಗಬೇಕು? ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಬಂಧಿತರಿಗೆ ಕೋರ್ಟಿನ ಬಾಗಿಲೇ ಮುಚ್ಚಿತು. ಕ್ರಮ ಇದ್ದರಷ್ಟೇ ಸಾಲದು, ಅದು ನ್ಯಾಯವೂ ಆಗಿರಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 1978ರಲ್ಲಿ.

ಅದನ್ನು ಕಾಣಲು ರಾಯರಿರಲಿಲ್ಲ. ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿ, ಕೊರಿಯಾ ಯುದ್ಧ ಹತ್ತಿದ 1950ರ ಜೂನ್‌ನಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷರಾಗಿ, 1952ರಿಂದ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ ದುಡಿದು, 1953ರಲ್ಲಿ ಜೂರಿಚ್‌ನಲ್ಲಿ ತೀರಿಕೊಂಡರು. ಮೂರು ವರ್ಷದೊಳಗೆ, 1956ರ ನವೆಂಬರ್ 1ರಂದು, ಕಾಸರಗೋಡು ಕೇರಳಕ್ಕೆ ಸೇರಿತು.

ರಾಯರು ಬಿಟ್ಟುಹೋದ ಪ್ರಶ್ನೆಗೆ ದೊಡ್ಡ ಉತ್ತರ ಸಿಕ್ಕಿದ್ದು ನಮ್ಮ ಮಣ್ಣಿನಿಂದ ಹೋದ ದಾವೆಯಲ್ಲಿ. ಚೆರ್ಕಳ ದಾಟಿದರೆ ಸಿಗುವ ಎಡನೀರು ಮಠದ ಶ್ರೀ ಕೇಶವಾನಂದ ಭಾರತಿ ಸ್ವಾಮೀಜಿಯವರು ಕೇರಳದ ಭೂಸುಧಾರಣಾ ಕಾನೂನನ್ನು ಪ್ರಶ್ನಿಸಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು, ಏಳಕ್ಕೆ ಆರರ ಬಹುಮತದಲ್ಲಿ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಚೌಕಟ್ಟನ್ನು ಕೆಡಿಸುವಂತಿಲ್ಲ ಎಂದು ತೀರ್ಪಾಯಿತು. ಮಠಕ್ಕೆ ಬೇಕಾದ ಪರಿಹಾರ ಸಿಗಲಿಲ್ಲ, ದೇಶಕ್ಕೆ ರಕ್ಷೆ ಸಿಕ್ಕಿತು.

ನಾವು ಸಂಖ್ಯೆಯಲ್ಲಿ ಕಡಿಮೆ ಇರುವವರು. ಕೊನೆಯ ಮಾತು ಯಾವಾಗಲೂ ಬಹುಮತದ್ದೇ ಆದರೆ ನಮಗೆ ಉಳಿಯುವುದೇನು? ಹಾಗೆಂದು ಎಲ್ಲವನ್ನೂ ಕೋರ್ಟಿಗೆ ಬಿಟ್ಟು ಕೂತರೂ ಆಗದು. ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದೆಂದು 350ನೆಯ ವಿಧಿ ಹೇಳುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡಕ್ಕೆ ಜಾಗ ಕೊಟ್ಟಿತು. ಕನ್ನಡದಲ್ಲಿ ಅರ್ಜಿಯನ್ನೇ ಬರೆಯದಿದ್ದರೆ ಆ ಜಾಗ ಕಾಗದದಲ್ಲೇ ಉಳಿಯುತ್ತದೆ.

ಸಂವಿಧಾನ ದಿನದ ನಮ್ಮ ಕೂಟದಲ್ಲಿ ರಾಯರನ್ನೂ ನೆನೆಯೋಣ. ಕನ್ನಡದಲ್ಲಿ ಬರೆದುದಕ್ಕೆ ಅರ್ಜಿ ಹಿಂದೆ ಬಂದ ಸದಸ್ಯರಿದ್ದರೆ ಅದರ ಪ್ರತಿ ತನ್ನಿ. ಅಲ್ಲೇ ಕೂತು ಮತ್ತೊಂದು ಬರೆಯೋಣ, ಕನ್ನಡದಲ್ಲೇ. ಸ್ಥಳ, ಸಮಯಗಳನ್ನು ಕಾರ್ಯಕ್ರಮಗಳ ಪುಟದಲ್ಲಿ ತಿಳಿಸಲಾಗುವುದು.

– ಕಾರ್ಯದರ್ಶಿ