ಬಾವುಟದ ರಾಮಮೂರ್ತಿ ಗೊತ್ತು, ಪತ್ತೇದಾರಿ ರಾಮಮೂರ್ತಿ ಎಲ್ಲಿ?

ನವೆಂಬರ್ ಬಂತೆಂದರೆ ನಮ್ಮ ತ್ಯಾಗರಾಜನಗರದಿಂದ ನೆಟ್ಟಕಲ್ಲಪ್ಪ ಸರ್ಕಲ್‌ವರೆಗೆ ಎಲ್ಲಿ ನೋಡಿದರೂ ಹಳದಿ-ಕೆಂಪು ಬಾವುಟ. ಇದನ್ನು ಮಾಡಿದವರು ಯಾರು ಅಂತ ಕೇಳಿದರೆ ಮ. ರಾಮಮೂರ್ತಿ ಅನ್ನುವವರು ಈಗಲೂ ಸಿಗುತ್ತಾರೆ. ಆದರೆ ಬಾವುಟಕ್ಕೂ ಮೊದಲು ಜನ ಅವರನ್ನು ಯಾತಕ್ಕಾಗಿ ಬಲ್ಲವರಾಗಿದ್ದರು ಅಂತ ಮುಂದುವರಿಸಿ ಕೇಳಿ ನೋಡಿ, ಉತ್ತರ ಬರುವುದು ಕಷ್ಟ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಕಾರರು. ಒಂದೆರಡಲ್ಲ, 150ಕ್ಕೂ ಹೆಚ್ಚು ಕಾದಂಬರಿ ಬರೆದವರು.

ಪತ್ತೇದಾರಿ ಲೇಖಕರು ತಮ್ಮ ಕೊನೆಗಾಲದಲ್ಲಿ ಏನು ಬರೆಯುತ್ತಾರೆ ಅನ್ನುವುದು ನನಗೆ ಬಹಳ ದಿನಗಳ ಕುತೂಹಲ. ಅಗಾಥಾ ಕ್ರಿಸ್ಟಿ ತಮ್ಮ ಪತ್ತೇದಾರ ಪ್ವಾರೋನ ಕೊನೆಯ ಕಥೆಯನ್ನು ಎರಡನೇ ಮಹಾಯುದ್ಧದ ಕಾಲದಲ್ಲೇ ಬರೆದು ಎತ್ತಿಟ್ಟಿದ್ದರು. ಅದು ಅಚ್ಚಾಗಿದ್ದು 1975ರಲ್ಲಿ, ಮುಂದಿನ ಜನವರಿಯಲ್ಲಿ ಅವರೇ ತೀರಿಕೊಂಡರು. ನ್ಯೂಜಿಲೆಂಡಿನ ನಯೋ ಮಾರ್ಷ್ ಇನ್ನೊಂದು ರೀತಿ. ಆಕೆ ಒಂದು ಕಡೆ ಷೇಕ್ಸ್‌ಪಿಯರ್ ನಾಟಕಗಳನ್ನು ನಿರ್ದೇಶಿಸುತ್ತಾ, ಇನ್ನೊಂದು ಕಡೆ ನಾಟಕಶಾಲೆಯೊಳಗೇ ನಡೆಯುವ ಕೊಲೆಯ ಕಥೆಗಳನ್ನು ಬರೆದರು. 1982ರಲ್ಲಿ ಸಾಯುವುದಕ್ಕೆ ಕೆಲವೇ ವಾರ ಮೊದಲು ಮುಗಿಸಿದ ಕೊನೆಯ ಕಾದಂಬರಿಯೂ ಮ್ಯಾಕ್‌ಬೆತ್ ನಾಟಕ ಆಡುವ ತಂಡದ ಸುತ್ತಲೇ ಇದೆ. ಇಬ್ಬರೂ ಕಡೆಗೆ ಪುಸ್ತಕದೊಳಗೇ ಉಳಿದರು. ನಮ್ಮ ರಾಮಮೂರ್ತಿಯವರ ಕೊನೆಯ ಅಂಕ ಮಾತ್ರ ಪುಸ್ತಕದ ಹೊರಗೆ ನಡೆಯಿತು. ಅದರ ಒಂದು ಭಾಗ ನಡೆದದ್ದು ಸಿನಿಮಾ ಥಿಯೇಟರುಗಳ ಬಾಗಿಲಲ್ಲಿ.

ಅವರು ಹುಟ್ಟಿದ್ದು 1918ರಲ್ಲಿ. ತಂದೆ ಸೀತಾರಾಮ ಶಾಸ್ತ್ರಿಗಳು ಪತ್ರಕರ್ತರು, ಕಾದಂಬರಿಕಾರರು. ಅವರು ನಡೆಸಿದ ಪತ್ರಿಕೆಯ ಹೆಸರೇ ಅವರ ಹೆಸರಿಗೆ ಅಂಟಿಕೊಂಡು ವೀರಕೇಸರಿ ಸೀತಾರಾಮ ಶಾಸ್ತ್ರಿ ಎಂದೇ ಪ್ರಸಿದ್ಧರಾದರು. ಅಂದರೆ ಮನೆಯಲ್ಲಿ ಅಚ್ಚಿನ ಮಸಿ ಮೊದಲಿನಿಂದಲೂ ಇತ್ತು. ಮಗ ಬರೆಯುವುದಕ್ಕೆ ಕೂತಾಗ ಆರಿಸಿಕೊಂಡದ್ದು ಮಾತ್ರ ವಿಮರ್ಶಕರು ಮೂಸಿಯೂ ನೋಡದ ಪ್ರಕಾರವನ್ನು.

ಹಾಗಂತ ಓದುಗರಿಗೇನೂ ಬರ ಇರಲಿಲ್ಲ. ಬಿ. ವೆಂಕಟಾಚಾರ್ಯರು ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಕಾಲದಿಂದಲೇ ಮುಂದೇನಾಯಿತು ಅಂತ ಪುಟ ತಿರುಗಿಸುವ ಚಟ ನಮ್ಮವರಿಗೆ ಹತ್ತಿತ್ತು. ಐವತ್ತರ ದಶಕಕ್ಕೆ ಬಂದರೆ ಅದು ಜಾತ್ರೆಯೇ ಆಯಿತು. ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ, ಮುಂದೆ 500ರ ಲೆಕ್ಕದಲ್ಲಿ ಕಾದಂಬರಿ ಬರೆದರು. ಅಂಗೈಯಗಲದ ಪುಸ್ತಕ, ಒರಟು ಕಾಗದ, ಕಣ್ಣು ಕುಕ್ಕುವ ರಕ್ಷಾಪುಟ. ಕೊಳ್ಳುವವರಿಗಿಂತ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ತಂದು ಓದುವವರೇ ಹೆಚ್ಚು. ಮನೆಯಲ್ಲಿ ದೊಡ್ಡವರು ಬೈತಾರೆ ಅಂತ ಪಠ್ಯಪುಸ್ತಕದ ನಡುವೆ ಇಟ್ಟುಕೊಂಡು ಓದಿದ್ದನ್ನು ನಮ್ಮ ಬಡಾವಣೆಯ ಹಿರಿಯರು ಈಗಲೂ ನಗುತ್ತಾ ಹೇಳುತ್ತಾರೆ. ಒಂದು ಮಾತು ಗಮನಿಸಿ. ಆ ಬೈಯುತ್ತಿದ್ದ ದೊಡ್ಡವರೂ ಮಧ್ಯಾಹ್ನ ಅದನ್ನೇ ಓದುತ್ತಿದ್ದರಂತೆ!

ಈ ಪುಸ್ತಕಗಳಲ್ಲಿ ಸಾಹಿತ್ಯ ಗುಣ ಎಷ್ಟಿತ್ತು ಅನ್ನುವ ಹಳೇ ಜಗಳಕ್ಕೆ ನಾನು ಹೋಗುವುದಿಲ್ಲ. ಬಹುಪಾಲು ಅವಸರದ ಬರವಣಿಗೆಯೇ ಇರಬೇಕು, 150 ಬರೆಯುವವನಿಗೆ ತಿದ್ದುವ ಪುರುಸೊತ್ತು ಎಲ್ಲಿಂದ ಬರಬೇಕು? ನನ್ನ ಮಾತು ಬೇರೆ. ಆಗಿನ ಬೆಂಗಳೂರಿನಲ್ಲಿ ಕನ್ನಡಕ್ಕೆ ಬೇಕಾಗಿದ್ದದ್ದು ಅಭಿಮಾನಕ್ಕಿಂತ ಹೆಚ್ಚಾಗಿ ದಿನಾ ಕನ್ನಡ ಓದುವ ಜನ. ಅಂಗಡಿ ಕಟ್ಟೆಯಲ್ಲಿ ಕೂತವನು, ಗಿರಣಿಯ ಪಾಳಿ ಮುಗಿಸಿ ಬಂದವನು, ಎಸ್ಸೆಸ್ಸೆಲ್ಸಿ ಫೇಲಾದ ಹುಡುಗ, ಇವರ ಕೈಗೆ ಕನ್ನಡ ಪುಸ್ತಕ ಕೊಟ್ಟದ್ದು ವಿಶ್ವವಿದ್ಯಾಲಯ ಅಲ್ಲ, ಪತ್ತೇದಾರಿ ಕಾದಂಬರಿ. ಮುಂದೆ ಕನ್ನಡಕ್ಕಾಗಿ ಬೀದಿಗೆ ಬಂದ ಗುಂಪಿನಲ್ಲಿ ಈ ಓದುಗರ ಪಾಲು ದೊಡ್ಡದು ಎಂದೇ ನಾನು ನಂಬುತ್ತೇನೆ.

ಬೀದಿಗೆ ಬಂದದ್ದು 1962ರಲ್ಲಿ, ಅದೂ ನಮ್ಮ ಪಕ್ಕದ ಚಾಮರಾಜಪೇಟೆಯಲ್ಲಿ. ಫೋರ್ಟ್ ಹೈಸ್ಕೂಲು ಮೈದಾನದಲ್ಲಿ 1939ರಿಂದ ನಡೆದುಕೊಂಡು ಬಂದಿದ್ದ ರಾಮೋತ್ಸವದ ಸಂಗೀತ ಕಛೇರಿಗಳಲ್ಲಿ ಹೊರಗಿನ ವಿದ್ವಾಂಸರಿಗೆ ಸಿಗುವ ಮರ್ಯಾದೆ ಕನ್ನಡದ ಕಲಾವಿದರಿಗೆ ಯಾಕಿಲ್ಲ ಎಂದು ಅ.ನ.ಕೃ. ದನಿ ಎತ್ತಿದರು. ಅ.ನ.ಕೃ. ಅಂದರೆ ನಾಟಕರಂಗದ ಬದುಕನ್ನೇ ವಸ್ತುವಾಗಿಟ್ಟುಕೊಂಡು ನಟಸಾರ್ವಭೌಮ ಬರೆದವರು, ಕಲಾವಿದರ ಕಷ್ಟ ಬಲ್ಲವರು. ಅವರ ಬೆನ್ನಿಗೆ ನಿಂತವರಲ್ಲಿ ರಾಮಮೂರ್ತಿ ಮುಖ್ಯರು. ಸಂಗೀತದ ಚಪ್ಪರದಲ್ಲಿ ಹುಟ್ಟಿದ ಜಗಳ ಸಿನಿಮಾ ಥಿಯೇಟರುಗಳಿಗೆ ಹಬ್ಬಿತು. ಆಗ ಕನ್ನಡ ಚಿತ್ರಗಳು ತಯಾರಾಗುತ್ತಿದ್ದದ್ದು ಹೆಚ್ಚಾಗಿ ಮದರಾಸಿನಲ್ಲಿ. ಕೆಂಪೇಗೌಡ ರಸ್ತೆಯ ಥಿಯೇಟರುಗಳಲ್ಲಿ ತಮಿಳು, ತೆಲುಗು, ಹಿಂದಿಯ ಅಬ್ಬರ. ರಾಜಧಾನಿಯಲ್ಲೇ ಕನ್ನಡ ಚಿತ್ರಕ್ಕೆ ಪರದೆ ಬೇಡಿ ಪಡೆಯಬೇಕು. ಅದರ ಮೇಲೆ ಡಬ್ಬಿಂಗ್ ಬೇರೆ. ಅ.ನ.ಕೃ., ರಾಮಮೂರ್ತಿ ಮತ್ತು ಅವರ ಗೆಳೆಯರು ಇದನ್ನು ವಿರೋಧಿಸಿದರು. ಕನ್ನಡಕ್ಕೆ ಡಬ್ಬಿಂಗ್ ಬೇಡ ಅನ್ನುವ ನಿಲುವು ದಶಕಗಳ ಕಾಲ ಕಾನೂನಿಲ್ಲದೆಯೂ ನಡೆದುಕೊಂಡು ಬಂದದ್ದಕ್ಕೆ ಬೇರು ಆ ದಿನಗಳಲ್ಲಿದೆ. ಆ ನಿಲುವು ಸರಿಯೇ ಅನ್ನುವುದರ ಬಗ್ಗೆ ನನಗೆ ಅನುಮಾನಗಳಿವೆ. ಆದರೆ ಕನ್ನಡದ ಹುಡುಗ ತನ್ನ ಊರಿನಲ್ಲಿ ತನ್ನ ಭಾಷೆಯ ಸಿನಿಮಾ ನೋಡುವುದಕ್ಕೆ ಒದ್ದಾಡಬೇಕಿತ್ತು ಅನ್ನುವುದರ ಬಗ್ಗೆ ಅನುಮಾನವಿಲ್ಲ.

ಇಲ್ಲಿಂದ ಮುಂದಿನ ಐದು ವರ್ಷವೇ ರಾಮಮೂರ್ತಿಯವರ ಕೊನೆಗಾಲ. ಅದು ಕೊನೆಗಾಲ ಅಂತ ಯಾರಿಗೂ ಗೊತ್ತಿರಲಿಲ್ಲ, ಆಗಿನ್ನೂ ನಲವತ್ತರ ನಡುವಿನ ಪ್ರಾಯ. ಕನ್ನಡ ಯುವಜನ ಅನ್ನುವ ಪತ್ರಿಕೆ ನಡೆಸಿದರು. ಕನ್ನಡ ಪಕ್ಷ ಕಟ್ಟಿದರು. ಪಕ್ಷ ಅಂದಮೇಲೆ ಗುರುತು ಬೇಕಲ್ಲ, ಅರಿಸಿನ-ಕುಂಕುಮದ ಎರಡು ಬಣ್ಣ ಸೇರಿಸಿ ಬಾವುಟ ಮಾಡಿದರು. ಪಕ್ಷ ಚುನಾವಣಾ ರಾಜಕೀಯದಲ್ಲಿ ಬೇರು ಬಿಡಲಿಲ್ಲ. ಬಾವುಟ ಮಾತ್ರ ಪಕ್ಷದ ಕೈ ಬಿಟ್ಟು ಊರವರದಾಯಿತು. ಅದರ ಯಶಸ್ಸಿಗೆ ನನಗೆ ಕಾಣುವ ಕಾರಣ ಸರಳ. ಎರಡು ಬಟ್ಟೆ ತುಂಡು ಸೇರಿಸಿ ಯಾವ ದರ್ಜಿ ಬೇಕಾದರೂ ಹೊಲಿಯಬಹುದು, ಬೀದಿ ಗೋಡೆಗೆ ಯಾರು ಬೇಕಾದರೂ ಬಳಿಯಬಹುದು, ಅದರ ಅರ್ಥ ಬಿಡಿಸಿ ಹೇಳುವ ಗೋಜಿಲ್ಲ. ಜನಕ್ಕೆ ಏನು ತಟ್ಟನೆ ಹಿಡಿಸುತ್ತದೆ ಅನ್ನುವುದು ಜನಪ್ರಿಯ ಕಾದಂಬರಿಕಾರನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು?

1967ರ ಡಿಸೆಂಬರ್ 25. ಕನಕಪುರ ರಸ್ತೆಯ ತಲಘಟ್ಟಪುರದ ಬಳಿ ಬಾವಿ ತೋಡುವ ಕೆಲಸ ನಡೆದಿತ್ತು. ಮಣ್ಣು ಕುಸಿಯಿತು. ರಾಮಮೂರ್ತಿ ಮತ್ತು ಅವರ ಇಬ್ಬರು ಗಂಡುಮಕ್ಕಳು ಒಟ್ಟಿಗೆ ಹೋಗಿಬಿಟ್ಟರು. ಅವರಿಗೆ 49 ವರ್ಷ. ತಂದೆ ಸೀತಾರಾಮ ಶಾಸ್ತ್ರಿಗಳು ಇನ್ನೂ ಬದುಕಿದ್ದರು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಅದನ್ನು ನೋಡಲು ರಾಮಮೂರ್ತಿ ಇರಲಿಲ್ಲ. ಈಗ ಸೌತ್ ಎಂಡ್ ಸರ್ಕಲ್‌ನಲ್ಲಿ ಮೆಟ್ರೋ ಹತ್ತಿದರೆ ಬದಲಾಯಿಸದೆ ತಲಘಟ್ಟಪುರ ಸ್ಟೇಷನ್ನಿಗೆ ಹೋಗಿ ಇಳಿಯಬಹುದು. ಆಗ ಅದು ಊರಾಚೆ.

ಸತ್ತ ಮೇಲೆ ಅವರಿಗೆ ಎರಡು ರೀತಿಯ ಮರ್ಯಾದೆ ಸಿಕ್ಕಿತು, ಒಂದು ರೀತಿಯದು ಸಿಗಲಿಲ್ಲ. ಊರಿನ ಪೂರ್ವಕ್ಕೆ ರಾಮಮೂರ್ತಿನಗರ ಅಂತ ಬಡಾವಣೆಗೆ ಹೆಸರು ಬಂತು. ಬಾವುಟ ಚರಿತ್ರೆಗೆ ಸೇರಿತು. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಹಳದಿ, ಬಿಳಿ, ಕೆಂಪಿನ ನಡುವೆ ಗಂಡಭೇರುಂಡ ಇರುವ ಹೊಸ ನಾಡಧ್ವಜ ತೋರಿಸಿದಾಗ ರಾಮಮೂರ್ತಿಯವರ ಎರಡು ಬಣ್ಣ ಬದಲಿಸಬಾರದು ಎಂದು ಸಿಟ್ಟಾದವರೂ ಇದ್ದರು. ಹೊಸ ಧ್ವಜ ಕೇಂದ್ರದ ಒಪ್ಪಿಗೆ ಕೇಳುತ್ತಾ ನಿಂತಿತು, ಹಳೆಯದು ಯಾರ ಒಪ್ಪಿಗೆಯೂ ಇಲ್ಲದೆ ಹಾರುತ್ತಲೇ ಇದೆ. ಅದೇ ಬಾವುಟ ಹಿಡಿದು ಬಡಪಾಯಿ ವಲಸಿಗನ ಮೇಲೆ ಕೈ ಮಾಡುವವರನ್ನೂ ನಾವು ನೋಡಿದ್ದೇವೆ. ಅದರ ಹೊಣೆ ಬಟ್ಟೆ ಹೊಲಿಸಿದವರದಲ್ಲ. ಆದರೂ 1962ರ ಸಿಟ್ಟಿನಲ್ಲಿ ನ್ಯಾಯ ಎಷ್ಟು, ನೆರೆಯವರ ಮೇಲಿನ ಅಸಹನೆ ಎಷ್ಟು ಅಂತ ತೂಗಿ ನೋಡುವ ಕೆಲಸ ಅವರ ಅಭಿಮಾನಿಗಳಿಂದ ಇನ್ನೂ ಆಗಿಲ್ಲ.

ಸಿಗದೇ ಹೋದ ಮರ್ಯಾದೆ ಬರಹಗಾರನದು. ಸಾಹಿತ್ಯ ಚರಿತ್ರೆಯವರು ಅವರನ್ನು ಚಳವಳಿಗಾರ ಅಂತ ಆಚೆ ಕಳಿಸಿದರು, ಚಳವಳಿಯವರಿಗೆ ಪತ್ತೇದಾರಿ ಕಾದಂಬರಿ ಅಂದರೆ ಸ್ವಲ್ಪ ಮುಜುಗರ. ನಾನು ಹೋಗುವ ಒಂದು ಗ್ರಂಥಾಲಯದಲ್ಲಿ ಅವರ ಪುಸ್ತಕ ಕೇಳಿದೆ. ಅಂಥವನ್ನೆಲ್ಲ ಯಾವತ್ತೋ ತೆಗೆದುಹಾಕಿದ್ವಿ ಸಾರ್ ಅನ್ನುವ ಅರ್ಥದ ಉತ್ತರ ಬಂತು. ಹಳೇ ಪುಸ್ತಕದ ಅಂಗಡಿಗಳಲ್ಲಿ ನರಸಿಂಹಯ್ಯನವರದು ಅಪರೂಪಕ್ಕೆ ಕಣ್ಣಿಗೆ ಬೀಳುತ್ತದೆ, ರಾಮಮೂರ್ತಿಯವರದು ನನಗೆ ಈತನಕ ಬಿದ್ದಿಲ್ಲ. ಬಂಗಾಳಿಗಳು ತಮ್ಮ ಬ್ಯೋಮಕೇಶ ಬಕ್ಷಿಯನ್ನು ಎಷ್ಟು ಜೋಪಾನ ಮಾಡಿಕೊಂಡಿದ್ದಾರೆ ನೋಡಿ. ನಾವು ಎಲ್ಲವನ್ನೂ ಮರುಮುದ್ರಿಸಿ ಅಂತ ಕೇಳುವುದು ಬೇಡ. ಅವರು ಬರೆದದ್ದು ಏನೇನು, ಯಾವ ವರ್ಷ, ಯಾರು ಅಚ್ಚು ಹಾಕಿದರು ಅನ್ನುವ ಒಂದು ಪಟ್ಟಿಯನ್ನಾದರೂ ಕನ್ನಡದ ಹೆಸರಿನಲ್ಲಿ ನಡೆಯುವ ಸಂಸ್ಥೆಗಳು ಪ್ರಕಟಿಸಿ ಮನೆಮನೆಗೆ ತಲುಪಿಸಬೇಕು. ಒಂದೊಂದರ ಒಂದು ಪ್ರತಿ ಸ್ಕ್ಯಾನ್ ಆದರೂ ಸಾಕು. ಆ ಕಾಲದ ಕಾಗದ ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬಂದಿದೆ.

ಬಸವನಗುಡಿ, ಚಾಮರಾಜಪೇಟೆ, ತ್ಯಾಗರಾಜನಗರದ ಹಳೇ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿವೆ. ಅಟ್ಟದಲ್ಲಿ ಅಜ್ಜನ ಟ್ರಂಕು ಸಿಕ್ಕಿದರೆ, ಪೇಪರ್‌ನವನನ್ನು ಕರೆಯುವ ಮೊದಲು ಆ ಅಂಗೈಯಗಲದ ಪುಸ್ತಕಗಳ ಮೇಲೆ ಯಾರ ಹೆಸರಿದೆ ಅಂತ ಒಂದು ಸಲ ನೋಡಿ.