ವತನು ಮತ್ತು ಚಾಕರಿಯ ನಡುವೆ: ಷಹಾಜಿ ಭೋಂಸಲೆಯ ಬದುಕು

ಷಹಾಜಿ ಭೋಂಸಲೆಯನ್ನು ಕುರಿತ ಬರಹಗಳಲ್ಲಿ ಬಹುಪಾಲು ಅವನನ್ನು ಶಿವಾಜಿಯ ತಂದೆಯಾಗಿ ಮಾತ್ರ ಕಾಣುತ್ತವೆ. ಮಗನ ಸ್ವರಾಜ್ಯದ ಕನಸು ಮೊದಲು ಮೊಳೆತದ್ದು ತಂದೆಯ ಮನಸ್ಸಿನಲ್ಲೇ ಎನ್ನುವವರು ಒಂದು ಕಡೆಗಿದ್ದರೆ, ಅವನು ಸಂಬಳಕ್ಕೆ ದುಡಿದ ಸುಲ್ತಾನರ ಸರದಾರನಷ್ಟೆ ಎನ್ನುವವರು ಇನ್ನೊಂದು ಕಡೆಗಿದ್ದಾರೆ. ಕರ್ನಾಟಕದ ಇತಿಹಾಸ ಗ್ರಂಥಗಳಲ್ಲಂತೂ ಅವನು ಬೆಂಗಳೂರಿನ ಅಧ್ಯಾಯದಲ್ಲಿ ಒಂದು ಪುಟದಷ್ಟು ಬಂದು ಮರೆಯಾಗುತ್ತಾನೆ. ಅವನ ಬದುಕಿನ ಕೊನೆಯ 27 ವರ್ಷಗಳಲ್ಲಿ ಹೆಚ್ಚಿನವು ಕನ್ನಡ ನೆಲದಲ್ಲಿ ಕಳೆದವು, ಅವನು ಸತ್ತದ್ದೂ ಈ ನೆಲದಲ್ಲಿಯೇ. ಹಾಗಿದ್ದೂ ಅವನಿಗೆ ತನ್ನ ನಾಡು ಯಾವುದಾಗಿತ್ತು ಎಂಬ ಪ್ರಶ್ನೆಯನ್ನು ನಾವು ಸಾಕಷ್ಟು ಕೇಳಿಕೊಂಡಿಲ್ಲ.

ಈ ಪ್ರಶ್ನೆಯನ್ನು ಇಂದಿನ ಅರ್ಥದ ದೇಶಭಕ್ತಿಯ ನೆಲೆಯಿಂದ ಎತ್ತಿದರೆ ದಾರಿ ತಪ್ಪುತ್ತದೆ. ದಖನಿನ ಆಡಳಿತ ಭಾಷೆಯಲ್ಲಿ 'ವತನು' ಎಂಬ ಮಾತಿಗೆ ಹುಟ್ಟೂರು ಎಂಬ ಅರಬ್ಬೀ ಮೂಲದ ಅರ್ಥದ ಜೊತೆಗೆ ವಂಶಪರಂಪರೆಯ ಹಕ್ಕು ಎಂಬ ಅರ್ಥವೂ ಸೇರಿಕೊಂಡಿತ್ತು. ಉತ್ತರ ಕರ್ನಾಟಕದ ಗೌಡಕಿ, ಕುಲಕರ್ಣಿಕೆಗಳ ಕಾಗದಗಳನ್ನು ನೋಡಿದವರಿಗೆ ಇದು ಹೊಸತಲ್ಲ. ವತನು ಮನೆತನದ್ದು; ಚಾಕರಿ ದೊರೆಯದು. ದೊರೆ ಬದಲಾದರೂ ವತನು ಉಳಿಯಬೇಕು ಎಂಬುದು ಆ ಕಾಲದ ಸರದಾರರ ಮೊದಲ ಕಾಳಜಿ. ಷಹಾಜಿಯ ಬದುಕಿನಲ್ಲಿ ಈ ಎರಡರ ನಡುವಣ ಅಂತರ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಲೇ ಹೋಯಿತು.

ಎಲ್ಲೋರದ ಗುಹೆಗಳಿಗೆ ಹೊಂದಿದ ವೇರೂಳದ ಭೋಂಸಲೆ ಮನೆತನದಲ್ಲಿ, 16ನೆಯ ಶತಮಾನ ಮುಗಿಯುತ್ತಿದ್ದ ಹೊತ್ತಿಗೆ ಮಾಲೋಜಿಯ ಮಗನಾಗಿ ಷಹಾಜಿ ಹುಟ್ಟಿದ. ಅಹಮದನಗರದ ಸೂಫಿ ಸಂತ ಷಾ ಷರೀಫನಿಗೆ ಹರಕೆ ಹೊತ್ತು ಪಡೆದ ಮಕ್ಕಳಾದುದರಿಂದ ಅಣ್ಣನಿಗೆ ಷಹಾಜಿ, ತಮ್ಮನಿಗೆ ಷರೀಫಜಿ ಎಂದು ಹೆಸರಿಟ್ಟರೆಂಬುದು ಮನೆತನದ ಪರಂಪರೆ. ಪುಣೆ ಮತ್ತು ಸುಪೆ ಪರಗಣೆಗಳು ನಿಜಾಮಶಾಹಿಯ ಜಹಗೀರಾಗಿ ಈ ಮನೆತನಕ್ಕೆ ಬಂದಿದ್ದವು. ಸಿಂದಖೇಡದ ಲಖೂಜಿ ಜಾಧವನ ಮಗಳು ಜೀಜಾಬಾಯಿಯೊಡನೆ ಷಹಾಜಿಯ ಮದುವೆಯಾಯಿತು.

ಅವನ ಹೆಸರು ದಖನಿನಲ್ಲೆಲ್ಲ ಕೇಳಿಸಿದ್ದು 1624ರ ಭಾತವಡಿ ಯುದ್ಧದಲ್ಲಿ. ಮಲಿಕ್ ಅಂಬರನ ನೇತೃತ್ವದಲ್ಲಿ ನಿಜಾಮಶಾಹಿ ಸೈನ್ಯ ಮೊಗಲರ ಮತ್ತು ಬಿಜಾಪುರದ ಕೂಡುಪಡೆಯನ್ನು ಸೋಲಿಸಿದ ಯುದ್ಧವದು. ಗೆಲುವಿನ ಜೊತೆಗೆ ತಮ್ಮ ಷರೀಫಜಿಯ ಸಾವೂ ಬಂದಿತು. ಅದಾದ ಸ್ವಲ್ಪ ಕಾಲದಲ್ಲೇ ಷಹಾಜಿ ತಾನು ಸೋಲಿಸಿದ ಬಿಜಾಪುರವನ್ನೇ ಸೇರಿದ. ಎರಡನೆಯ ಇಬ್ರಾಹಿಂ ಆದಿಲ್‌ಶಹನ ಮರಣದ ನಂತರ ಮತ್ತೆ ಅಹಮದನಗರಕ್ಕೆ ಮರಳಿದ. 1629ರಲ್ಲಿ ಮಾವ ಲಖೂಜಿ ಜಾಧವ ಮಕ್ಕಳೊಡನೆ ನಿಜಾಮಶಾಹಿ ದರ್ಬಾರಿನಲ್ಲೇ ಕೊಲೆಯಾದಾಗ ಅಲ್ಲಿಂದಲೂ ಹೊರಬಿದ್ದು ಮೊಗಲರ ಮನಸಬನ್ನು ಒಪ್ಪಿಕೊಂಡ. 1632ರ ಹೊತ್ತಿಗೆ ಅದನ್ನೂ ಬಿಟ್ಟ. ಈ ಪಕ್ಷಾಂತರಗಳ ಪಟ್ಟಿಯನ್ನು ಮಾತ್ರ ನೋಡಿದರೆ ಅವನು ನಿಲುವಿಲ್ಲದ ಮನುಷ್ಯನಂತೆ ಕಾಣುತ್ತಾನೆ. ಆದರೆ ಇದೇ ವರ್ಷಗಳಲ್ಲಿ ಅವನ ವತನಿಗೆ ಏನಾಯಿತೆಂಬುದನ್ನು ಜೊತೆಗಿಟ್ಟು ನೋಡಬೇಕು. 1630ರ ಆಸುಪಾಸಿನಲ್ಲಿ ಬಿಜಾಪುರದ ಮುರಾರ ಜಗದೇವ ಪುಣೆಯನ್ನು ಸುಟ್ಟು, ಕತ್ತೆಗಳಿಂದ ನೆಲವನ್ನು ಉಳಿಸಿ, ಪಾಳುಬೀಳಲೆಂದು ಅಲ್ಲಿ ಕಬ್ಬಿಣದ ಹಾರೆ ನೆಟ್ಟನೆಂದು ಮರಾಠಿ ಪರಂಪರೆ ಹೇಳುತ್ತದೆ. ಅದರ ಬೆನ್ನಿಗೇ ದಖನನ್ನು ಬರಿದು ಮಾಡಿದ ಭೀಕರ ಬರ. ತುಂಬಿದ ಬಸುರಿಯಾಗಿದ್ದ ಜೀಜಾಬಾಯಿಯನ್ನು ಶಿವನೇರಿ ಕೋಟೆಯಲ್ಲಿ ಬಿಟ್ಟು ಷಹಾಜಿ ಓಡಾಡುತ್ತಿದ್ದ. 1630ರ ಫೆಬ್ರವರಿಯಲ್ಲಿ ಶಿವಾಜಿ ಅಲ್ಲಿ ಹುಟ್ಟಿದ.

1633ರಲ್ಲಿ ದೌಲತಾಬಾದು ಮೊಗಲರ ಕೈಸೇರಿ ನಿಜಾಮಶಾಹಿ ಮುಗಿಯಿತೆಂದು ಎಲ್ಲರೂ ಭಾವಿಸಿದಾಗ ಷಹಾಜಿ ಆ ವಂಶದ ಬಾಲಕನೊಬ್ಬನನ್ನು ಪೇಮಗಿರಿ ಕೋಟೆಯಲ್ಲಿ ಸಿಂಹಾಸನಕ್ಕೇರಿಸಿ ಅವನ ಹೆಸರಿನಲ್ಲಿ ರಾಜ್ಯವಾಳತೊಡಗಿದ. ಪುಣೆಯನ್ನು ಸುಟ್ಟ ಮುರಾರ ಜಗದೇವನೇ ಈ ಕಾರ್ಯದಲ್ಲಿ ಅವನಿಗೆ ಬೆಂಬಲವಾಗಿದ್ದ ಎಂಬುದು ಆ ಕಾಲದ ರಾಜಕಾರಣದ ಸ್ವರೂಪವನ್ನು ತಿಳಿಸುತ್ತದೆ. ನನಗೆ ಷಹಾಜಿಯ ಇಡೀ ಬದುಕಿನಲ್ಲಿ ಅತ್ಯಂತ ಮಹತ್ವದ್ದಾಗಿ ಕಾಣುವುದು ಈ ಮೂರು ವರ್ಷಗಳು. ಮೊಗಲರ ಮನಸಬಿನಲ್ಲಿ ಉಳಿದಿದ್ದರೆ ಅವನ ವತನು ಭದ್ರವಾಗಿರುತ್ತಿತ್ತು. ಅದನ್ನು ಪಣಕ್ಕಿಟ್ಟು ದಖನಿನ ಒಂದು ರಾಜ್ಯವನ್ನು ದೆಹಲಿಯ ಎದುರು ಬದುಕಿಸಲು ಅವನು ಹೆಣಗಿದ. ಮನೆತನಕ್ಕಿಂತ ದೊಡ್ಡದೊಂದು ಕರ್ತವ್ಯವನ್ನು ಅವನು ಹೊತ್ತದ್ದೇ ಆದರೆ ಅದು ಇಲ್ಲಿ.

ಹೊತ್ತ ಭಾರ ಹೆಚ್ಚು ದಿನ ನಿಲ್ಲಲಿಲ್ಲ. 1636ರಲ್ಲಿ ಷಹಜಹಾನನೇ ದಖನಿಗೆ ಬಂದ. ಬಿಜಾಪುರ ಅವನೊಡನೆ ಒಪ್ಪಂದ ಮಾಡಿಕೊಂಡು ಷಹಾಜಿಯ ವಿರುದ್ಧ ನಿಂತಿತು. ಮಾಹುಲಿ ಕೋಟೆಯಲ್ಲಿ ಮುತ್ತಿಗೆಗೆ ಸಿಕ್ಕ ಷಹಾಜಿ ಬಾಲಕ ಸುಲ್ತಾನನನ್ನೂ ಕೋಟೆಗಳನ್ನೂ ಒಪ್ಪಿಸಿ ಬಿಜಾಪುರದ ಚಾಕರಿಗೆ ಸೇರಿದ. ಪುಣೆ, ಸುಪೆಗಳು ಅವನ ಹೆಸರಿನಲ್ಲೇ ಉಳಿದವು. ಆದರೆ ಅವನು ಅಲ್ಲಿ ಉಳಿಯುವಂತಿರಲಿಲ್ಲ. ಮೊಗಲರ ಗಡಿಯಿಂದ ಅವನನ್ನು ದೂರವಿಡುವುದು ಇಬ್ಬರು ದೊರೆಗಳಿಗೂ ಬೇಕಾಗಿತ್ತು. ವತನು ಉಳಿಸಿಕೊಂಡವನು ವತನಿನಿಂದ ಹೊರಗಾದ.

ಹೀಗೆ ಅವನು ಕರ್ನಾಟಕಕ್ಕೆ ಬಂದ. ಸೇನಾಪತಿ ರಣದುಲ್ಲಾಖಾನನ ದಂಡಯಾತ್ರೆಯಲ್ಲಿ 1637ರಲ್ಲಿ ಇಕ್ಕೇರಿ, 1638ರಲ್ಲಿ ಇಮ್ಮಡಿ ಕೆಂಪೇಗೌಡನ ಬೆಂಗಳೂರು ಆದಿಲ್‌ಶಾಹಿಗೆ ಮಣಿದವು. ಶ್ರೀರಂಗಪಟ್ಟಣದಲ್ಲಿ ಮಾತ್ರ ಕಂಠೀರವ ನರಸರಾಜ ಈ ಸೈನ್ಯವನ್ನು ಹಿಮ್ಮೆಟ್ಟಿಸಿದ. ಗೋವಿಂದವೈದ್ಯನ ಕಾವ್ಯದ ಮೂಲಕ ಆ ಕಥನ ನಮಗೆ ಪರಿಚಿತ. ಬೆಂಗಳೂರನ್ನು ಕಳೆದುಕೊಂಡ ಕೆಂಪೇಗೌಡ ಮಾಗಡಿಗೆ ಸರಿದ. ತನ್ನ ನೆಲದಿಂದ ದೂರವಾದವನೊಬ್ಬ ಇನ್ನೊಬ್ಬನನ್ನು ಅವನ ನೆಲದಿಂದ ಎಬ್ಬಿಸಿದ ಈ ಸಂಗತಿಯನ್ನು ಮರಾಠಿ ಚರಿತ್ರಕಾರರು ಗಮನಿಸಿದ್ದು ಕಡಿಮೆ. ಕನ್ನಡದಲ್ಲಿ ಓದುವ ನಾವು ಅದನ್ನು ದಾಟಿ ಹೋಗುವಂತಿಲ್ಲ.

ಬೆಂಗಳೂರು, ಹೊಸಕೋಟೆ, ಕೋಲಾರ, ದೊಡ್ಡಬಳ್ಳಾಪುರ, ಶಿರಾಗಳು ಷಹಾಜಿಯ ಆಡಳಿತಕ್ಕೆ ಬಂದವು. ಬೆಂಗಳೂರು ಅವನ ರಾಜಧಾನಿಯಾಯಿತು. ಇಲ್ಲಿ ಅವನು ಬರಿಯ ಸೇನಾನಿಯಾಗಿ ಉಳಿಯಲಿಲ್ಲ. ಜಯರಾಮ ಪಿಂಡ್ಯೆ ರಚಿಸಿದ 'ರಾಧಾಮಾಧವವಿಲಾಸಚಂಪೂ' ಸಂಸ್ಕೃತ ಕೃತಿಯಾದರೂ ಅದರ ಕೊನೆಯ ಭಾಗದಲ್ಲಿ ಷಹಾಜಿಯ ಆಸ್ಥಾನದ ಕವಿಗಳು ಹಲವು ಭಾಷೆಗಳಲ್ಲಿ ಅವನನ್ನು ಹೊಗಳುವ ಪದ್ಯಗಳಿವೆ. ಆ ಭಾಷೆಗಳಲ್ಲಿ ಕನ್ನಡವೂ ಒಂದು. ವಿ. ಕಾ. ರಾಜವಾಡೆಯವರು 1922ರಲ್ಲಿ ಸಂಪಾದಿಸಿ ಪ್ರಕಟಿಸಿದ ಈ ಗ್ರಂಥದ ಕನ್ನಡ ಭಾಗ ನಮ್ಮ ವಿಭಾಗಗಳಲ್ಲಿ ಇನ್ನಷ್ಟು ಅಧ್ಯಯನಕ್ಕೆ ಅರ್ಹವಾಗಿದೆ. ಮರಾಠಿ ಸರದಾರನೊಬ್ಬನ ಬೆಂಗಳೂರಿನ ಓಲಗದಲ್ಲಿ ಕನ್ನಡಕ್ಕೆ ಎಂಥ ಸ್ಥಾನವಿತ್ತೆಂಬುದಕ್ಕೆ ಅದು ನೇರವಾದ ಸಾಕ್ಷ್ಯ.

ಈ ನಡುವೆ ಅವನು ತನ್ನ ಮನೆಯನ್ನೇ ಎರಡು ಮಾಡಿದ. ಜೀಜಾಬಾಯಿ ಮತ್ತು ಬಾಲಕ ಶಿವಾಜಿ 1640ರ ದಶಕದ ಮೊದಲಲ್ಲಿ ಬೆಂಗಳೂರಿಗೆ ಬಂದು ಕೆಲಕಾಲ ಇದ್ದು ಪುಣೆಗೆ ಹಿಂದಿರುಗಿದರು. ಆ ಜಹಗೀರಿನ ವ್ಯವಹಾರವನ್ನು ದಾದೋಜಿ ಕೊಂಡದೇವ ನೋಡಿಕೊಳ್ಳುತ್ತಿದ್ದ. ಹಿರಿಯ ಮಗ ಸಂಭಾಜಿ ಮತ್ತು ತುಕಾಬಾಯಿಯ ಮಗ ಏಕೋಜಿ ತಂದೆಯ ಬಳಿ ಉಳಿದರು. ತಾನು ಹೋಗಲಾಗದ ವತನಿಗೆ ಹೆಂಡತಿಯನ್ನೂ ಮಗನನ್ನೂ ಕಳಿಸಿ, ತಾನು ಚಾಕರಿಯ ನೆಲದಲ್ಲಿ ನಿಂತ. ಇದನ್ನು ಮುಂದಾಲೋಚನೆಯ ರಾಜನೀತಿಯೆಂದು ಕೆಲವರು ವಿವರಿಸುತ್ತಾರೆ, ದಾಂಪತ್ಯದ ಬಿರುಕೆಂದು ಮತ್ತೆ ಕೆಲವರು. ಹಿಂದಿನ ಹತ್ತು ವರ್ಷಗಳಲ್ಲಿ ವತನನ್ನು ಪದೇ ಪದೇ ಕಳೆದುಕೊಳ್ಳುವ ಅಂಚಿಗೆ ಹೋಗಿಬಂದ ಮನುಷ್ಯ ಅದನ್ನು ಖಾಲಿ ಬಿಡಲು ಹೆದರಿದ ಎಂದು ತಿಳಿಯುವುದೇ ಹೆಚ್ಚು ಸರಿಯೆಂದು ತೋರುತ್ತದೆ.

ಪುಣೆಯಲ್ಲಿ ಬೆಳೆದ ಮಗ ಆದಿಲ್‌ಶಾಹಿಯ ಕೋಟೆಗಳನ್ನು ಹಿಡಿಯತೊಡಗಿದಾಗ ತಂದೆಯ ಎರಡು ನೆಲೆಗಳೂ ಮುಖಾಮುಖಿಯಾದವು. 1648ರಲ್ಲಿ ಜಿಂಜಿಯ ಮುತ್ತಿಗೆಯ ಕಾಲದಲ್ಲಿ ಸೇನಾಪತಿ ಮುಸ್ತಫಾಖಾನ ಷಹಾಜಿಯನ್ನು ಸೆರೆಹಿಡಿಸಿದ. ಬೆಳಗಿನ ಜಾವ ಬಿಡಾರವನ್ನು ಮುತ್ತಿ ಅವನನ್ನು ಹಿಡಿದವನು ಮುಧೋಳದ ಬಾಜಿ ಘೋರ್ಪಡೆ. ಮಗನ ನಡೆಯ ಜೊತೆಗೆ ದಕ್ಷಿಣದ ನಾಯಕರೊಡನೆ ಷಹಾಜಿಯೇ ಇಟ್ಟುಕೊಂಡಿದ್ದ ಸಂಬಂಧಗಳೂ ಬಿಜಾಪುರದ ಸಂಶಯಕ್ಕೆ ಕಾರಣವಾಗಿದ್ದವು. ಸಂಕೋಲೆಯಲ್ಲಿ ಅವನು ಬಿಜಾಪುರಕ್ಕೆ ಬಂದ. ತಂದೆಯನ್ನು ಬಿಡಿಸಲು ಶಿವಾಜಿ ಮೊಗಲ ರಾಜಕುಮಾರ ಮುರಾದ್ ಬಕ್ಷನಿಗೆ ಪತ್ರ ಬರೆದ. ಕಡೆಗೆ 1649ರಲ್ಲಿ ಬಿಡುಗಡೆಯಾದಾಗ ತೆರಬೇಕಾದ ಬೆಲೆ ಎರಡೂ ಕಡೆಯದಾಗಿತ್ತು: ಶಿವಾಜಿ ಕೊಂಡಾಣಾ ಕೋಟೆಯನ್ನು, ಸಂಭಾಜಿ ಬೆಂಗಳೂರನ್ನು ಒಪ್ಪಿಸಬೇಕಾಯಿತು. ಒಬ್ಬ ಸೆರೆಯಾಳಿಗಾಗಿ ವತನಿನಿಂದ ಒಂದು ಕೋಟೆ, ಚಾಕರಿಯ ನೆಲದಿಂದ ಒಂದು ಕೋಟೆ.

ಬಿಡುಗಡೆಯಾದ ಷಹಾಜಿ ಮಗನ ಬಳಿಗೆ ಹೋಗಲಿಲ್ಲ, ಮತ್ತೆ ಆದಿಲ್‌ಶಾಹಿ ಚಾಕರಿಗೇ ನಿಂತ. ಬೆಂಗಳೂರು ಕ್ರಮೇಣ ಅವನ ಕೈಗೆ ಮರಳಿತು. 1650ರ ದಶಕದ ನಡುವೆ ಇಂದಿನ ಕೊಪ್ಪಳ ಜಿಲ್ಲೆಯ ಕನಕಗಿರಿಯಲ್ಲಿ ಹಿರಿಯ ಮಗ ಸಂಭಾಜಿ ಕಾಳಗದಲ್ಲಿ ಸತ್ತ. ಅಫಜಲಖಾನ ಸಕಾಲಕ್ಕೆ ನೆರವಾಗದೆ ಅವನನ್ನು ಬಲಿಕೊಟ್ಟನೆಂಬುದು ಭೋಂಸಲೆ ಮನೆತನದ ಆಪಾದನೆ. 1659ರಲ್ಲಿ ಅದೇ ಅಫಜಲಖಾನನನ್ನು ಶಿವಾಜಿ ಪ್ರತಾಪಗಡದ ತಪ್ಪಲಲ್ಲಿ ಕೊಂದಾಗ ಷಹಾಜಿ ಖಾನನ ದೊರೆಯ ಸೇವೆಯಲ್ಲೇ ಇದ್ದ. ಒಬ್ಬ ಮಗನ ಸಾವಿಗೆ ಇನ್ನೊಬ್ಬ ಮಗ ಸೇಡು ತೀರಿಸಿಕೊಂಡುದನ್ನು ಅವನು ಹೇಗೆ ಸ್ವೀಕರಿಸಿದನೆಂಬ ಬಗೆಗೆ ಬಖರುಗಳ ಕಲ್ಪನೆಯನ್ನು ಇಲ್ಲಿ ಬದಿಗಿಡುತ್ತೇನೆ.

1663ರಲ್ಲಿ ಎರಡನೆಯ ಅಲಿ ಆದಿಲ್‌ಶಹ ಬಿದನೂರಿನ ಮೇಲೆ ಸೈನ್ಯ ಕಳಿಸಿದ. ಅದರ ಹಿನ್ನೆಲೆಯಲ್ಲಿ ಮಲೆನಾಡಿನ ಅಂಚಿಗೆ ಬಂದಿದ್ದ ಷಹಾಜಿ, ಇಂದಿನ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ 1664ರ ಜನವರಿ 23ರಂದು ಬೇಟೆಯ ವೇಳೆ ಕುದುರೆಯಿಂದ ಬಿದ್ದು ತೀರಿಕೊಂಡ. ಶಿವಾಜಿ ಸೂರತನ್ನು ಲೂಟಿಮಾಡಿ ಆಗ ಎರಡು ವಾರಗಳಾಗಿದ್ದವಷ್ಟೆ. ಸಹಗಮನಕ್ಕೆ ಸಿದ್ಧಳಾದ ಜೀಜಾಬಾಯಿಯನ್ನು ಮಗ ಬೇಡಿಕೊಂಡು ತಡೆದನೆಂದು ಬಖರುಗಳು ಹೇಳುತ್ತವೆ. ಹೊದಿಗೆರೆಯ ಸಮಾಧಿ ಈಗಲೂ ಇದೆ.

ಅವನು ಎರಡು ಮಾಡಿದ ಮನೆ ಅವನ ನಂತರ ಒಂದಾಗಲಿಲ್ಲ. ಬೆಂಗಳೂರು ಏಕೋಜಿಗೆ ಬಂದಿತು. ಅವನು ಮುಂದೆ ತಂಜಾವೂರನ್ನೂ ಗೆದ್ದುಕೊಂಡ. 1677ರಲ್ಲಿ ಶಿವಾಜಿ ದಕ್ಷಿಣಕ್ಕೆ ಬಂದು ತಂದೆಯ ಆಸ್ತಿಯಲ್ಲಿ ಅರ್ಧ ಪಾಲು ಕೇಳಿದ. ಕೊಳ್ಳಿಡಂ ನದಿಯ ಬಳಿಯ ತಿರುಮಳವಾಡಿಯಲ್ಲಿ ಅಣ್ಣತಮ್ಮಂದಿರು ಭೇಟಿಯಾದರು. ಮಾತು ಹೊಂದದೆ ಏಕೋಜಿ ರಾತ್ರಿಯಲ್ಲಿ ಬಿಡಾರ ಬಿಟ್ಟು ಹೊರಟುಹೋದ. ಕಾಳಗವಾಗಿ, ರಾಜಿಯಾದಾಗ ಶಿವಾಜಿ ಬೆಂಗಳೂರು, ಹೊಸಕೋಟೆ, ಶಿರಾ ಸೀಮೆಯನ್ನು ಏಕೋಜಿಯ ಹೆಂಡತಿ ದೀಪಾಬಾಯಿಗೆ ಕುಪ್ಪಸ-ಬಳೆಯ ಖರ್ಚಿಗೆಂದು ಬಿಟ್ಟುಕೊಟ್ಟ. ದೂರದ ತಂಜಾವೂರಿನಿಂದ ಆ ಸೀಮೆಯನ್ನು ಕಾಪಾಡಿಕೊಳ್ಳುವುದು ಏಕೋಜಿಗೆ ಕಷ್ಟವಾಗಿ, ಅದನ್ನು ಮೈಸೂರಿಗೆ ಮಾರಲು ಮಾತುಕತೆ ನಡೆಸಿದ್ದ. ಅಷ್ಟರಲ್ಲಿ, 1687ರಲ್ಲಿ, ಮೊಗಲ್ ಸೇನಾನಿ ಕಾಸಿಂಖಾನ ಬೆಂಗಳೂರನ್ನು ಹಿಡಿದ. ಚಿಕ್ಕದೇವರಾಜ ಒಡೆಯರು ಅದನ್ನು ಮೂರು ಲಕ್ಷ ರೂಪಾಯಿಗೆ ಅವನಿಂದ ಕೊಂಡುಕೊಂಡರು.