ಬೆಳಗಾವಿಯ ದಾರಿಗೆ ಸೈಕಲ್ ತಂದ ಲಕ್ಷ್ಮಣರಾಯರು

ಬೆಳಗಾವಿ: ಭಾನುವಾರ ನಸುಕಿನಲ್ಲಿ ಪೀರನವಾಡಿ ದಾಟಿ ಕಿಣಯೆ, ಜಾಂಬೋಟಿಯತ್ತ ಸಾಗುವ ಸೈಕಲ್ ಸವಾರರು ಇಂದು ನಗರವಾಸಿಗಳಿಗೆ ಹೊಸಬರಲ್ಲ. ಅಗಲವಾದ ಟಾಯರು, ಬಾಗಿದ ಹ್ಯಾಂಡಲ್ ಇರುವ ಗ್ರಾವೆಲ್ ಬೈಕ್‌ಗಳನ್ನೇರಿದ ಇವರಿಗೆ ಡಾಂಬರು ರಸ್ತೆಗಿಂತ ಗರಸಿನ ದಾರಿಯೇ ಪ್ರಿಯ. ಖಾನಾಪುರ ತಾಲೂಕಿನ ಕೆಂಪು ಜಂಬಿಟ್ಟಿಗೆಯ ನೆಲ, ಮಲಪ್ರಭೆಯ ದಂಡೆ ಮತ್ತು ಸಹ್ಯಾದ್ರಿಯ ಏರಿಳಿತಗಳು ಈ ಸವಾರಿಗೆ ಹೇಳಿ ಮಾಡಿಸಿದಂತಿವೆ. ಆದರೆ ಇದೇ ಬೆಳಗಾವಿಗೆ ಬೈಸಿಕಲ್ಲನ್ನು ತಂದು ಮಾರಿ, ಅದನ್ನು ತುಳಿಯಲು ಜನರಿಗೆ ಕಲಿಸಿದ ಸೋದರರಿಬ್ಬರ ಕಥೆ ಬಲ್ಲವರು ವಿರಳ. ಅವರಲ್ಲಿ ಕಿರಿಯರಾದ ಲಕ್ಷ್ಮಣರಾವ ಕಾಶಿನಾಥ ಕಿರ್ಲೋಸ್ಕರರು ಮುಂದೆ ಭಾರತೀಯ ಕೈಗಾರಿಕೆಯ ಆದ್ಯರಲ್ಲಿ ಒಬ್ಬರೆನಿಸಿದರು.

ಚಿತ್ರಕಲೆಯಿಂದ ಯಂತ್ರಕ್ಕೆ

ಲಕ್ಷ್ಮಣರಾಯರು ಜನಿಸಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಸವದತ್ತಿ ಬಳಿಯ ಗುರ್ಲಹೊಸೂರಿನಲ್ಲಿ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕಾಡು ದಾಟಿ ಬಯಲಿಗಿಳಿದ ಮೇಲೆ ಪೋಷಿಸುವ ಸೀಮೆಯದು. ಮರಾಠಿ ರಂಗಭೂಮಿಯ ಪ್ರಸಿದ್ಧ ನಾಟಕಕಾರ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಊರಿನವರು, ಇದೇ ಮನೆತನದವರು. ತಂದೆ ಕಾಶಿನಾಥಪಂತರು ವೇದಾಂತ ಬಲ್ಲವರು. ಮಗನಿಗಾದರೋ ಶಾಲೆಯ ಓದು ರುಚಿಸಲಿಲ್ಲ. ಚಿತ್ರ ಬರೆಯುವುದು ಮತ್ತು ಯಂತ್ರಗಳನ್ನು ಬಿಚ್ಚಿ ಜೋಡಿಸುವುದು, ಇವೆರಡೇ ಅವರ ಹಂಬಲಗಳಾಗಿದ್ದವು.

ತಂದೆಗೆ ಇದು ಒಪ್ಪಿಗೆಯಾಗದಿದ್ದರೂ ಹಿರಿಯ ಸೋದರ ರಾಮಣ್ಣನವರು ತಮ್ಮನ ಬೆನ್ನಿಗೆ ನಿಂತರು. ಅವರ ನೆರವಿನಿಂದ 1885ರಲ್ಲಿ ಲಕ್ಷ್ಮಣರಾಯರು ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಎರಡು ವರ್ಷಗಳ ನಂತರ ಒದಗಿದ್ದು ಆಘಾತ. ಕೆಲವು ಬಣ್ಣಗಳನ್ನು ಬೇರ್ಪಡಿಸಿ ಕಾಣುವ ಶಕ್ತಿ ಅವರ ಕಣ್ಣಿಗಿರಲಿಲ್ಲ. ಕುಂಚ ಕೆಳಗಿಟ್ಟ ಅವರು ಬಣ್ಣದ ಹಂಗಿಲ್ಲದ ಯಂತ್ರರೇಖಾಚಿತ್ರವನ್ನು ಕಲಿತರು. ಕೆಲಕಾಲದಲ್ಲೇ ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದೇ ವಿಷಯದ ಸಹಾಯಕ ಶಿಕ್ಷಕರಾದರು. ತರಗತಿ ಮುಗಿದ ಮೇಲೆ ಸಂಸ್ಥೆಯ ಕಾರ್ಯಾಗಾರದಲ್ಲಿ ನಿಂತು ಯಂತ್ರಗಳ ಒಳಗುಟ್ಟನ್ನು ಅರಿತುಕೊಂಡರು.

ಅಂಚೆಯಂತೆ ಬಂದ ಸೈಕಲ್

ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಸಮಗಾತ್ರದ ಎರಡು ಗಾಲಿಗಳ, ಚೈನಿನಿಂದ ಓಡುವ ಬೈಸಿಕಲ್ಲನ್ನು ಬಳಕೆಗೆ ತಂದದ್ದು 1885ರಲ್ಲಿ. ಡನ್‌ಲಪ್ ಗಾಳಿ ತುಂಬಿದ ಟಾಯರಿಗೆ ಹಕ್ಕುಪತ್ರ ಪಡೆದದ್ದು 1888ರಲ್ಲಿ. ಜಗತ್ತಿಗೇ ಸೈಕಲ್ ಹೊಸದಾಗಿದ್ದ ಆ ದಿನಗಳಲ್ಲಿ ಮುಂಬಯಿಯ ಬೀದಿಯಲ್ಲಿ ವ್ಯಕ್ತಿಯೊಬ್ಬ ಅದನ್ನು ತುಳಿದು ಹೋಗುವುದನ್ನು ಲಕ್ಷ್ಮಣರಾಯರು ಕಂಡರು. ಕುದುರೆಯಿಲ್ಲದೆ, ಎತ್ತಿಲ್ಲದೆ ಮನುಷ್ಯನ ಕಾಲಿನ ಬಲದಿಂದಲೇ ಓಡುವ ಈ ವಾಹನ ಅವರ ಮನಸ್ಸನ್ನು ಹಿಡಿದಿಟ್ಟಿತು.

ಬೆಳಗಾವಿಯಲ್ಲಿ ಅಂಗಡಿ ತೆರೆಯಲಾಯಿತು. ಕಿರ್ಲೋಸ್ಕರ ಉದ್ಯಮ ಸಮೂಹ ತನ್ನ ಆರಂಭದ ವರ್ಷವೆಂದು ಗುರುತಿಸುವುದು 1888ನ್ನೇ. ವ್ಯವಸ್ಥೆ ಸರಳವಾಗಿತ್ತು. ಲಕ್ಷ್ಮಣರಾಯರು ಮುಂಬಯಿಯಲ್ಲಿ ಸೈಕಲ್ ಕೊಂಡು ಕಳುಹಿಸುವುದು, ರಾಮಣ್ಣನವರು ಬೆಳಗಾವಿಯಲ್ಲಿ ಮಾರುವುದು. ಕೊಂಡವರಿಗೆ ತುಳಿಯಲು ಬರಬೇಕಲ್ಲ? ಅದಕ್ಕೂ ರಾಮಣ್ಣನವರೇ ಗುರುಗಳು. ಕಲಿಸಿದ್ದಕ್ಕೆ ಅವರು ಪಡೆಯುತ್ತಿದ್ದ ಶುಲ್ಕ 15 ರೂಪಾಯಿ. ಅಂದಿನ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ.

ಆಗಿನ ಬೆಳಗಾವಿ ಮುಂಬಯಿ ಪ್ರಾಂತಕ್ಕೆ ಸೇರಿದ ದಂಡಿನ ಊರು. 1880ರ ದಶಕದ ಕೊನೆಯಲ್ಲಿ ಸದರನ್ ಮರಾಠಾ ರೈಲ್ವೆಯ ಹಳಿಗಳು ಬೆಳಗಾವಿ, ಖಾನಾಪುರ, ಲೋಂಡಾಗಳನ್ನು ಹಾದು ಹೋದವು. ರೈಲು ಬಂದಲ್ಲಿಗೆ ಹೊಸ ಸರಕೂ ಬಂದಿತು. ಆದರೆ ನಿಲ್ದಾಣದಿಂದಾಚೆಗೆ ಇದ್ದದ್ದು ಖಡಿ ಮತ್ತು ಗರಸಿನ ದಾರಿಗಳೇ. ಇಂದು ಹವ್ಯಾಸಿಗಳು ಹುಡುಕಿಕೊಂಡು ಹೋಗುವಂತಹ ದಾರಿಯೇ ಅಂದು ಎಲ್ಲ ಸವಾರರ ನಿತ್ಯದ ಪಾಡಾಗಿತ್ತು.

ನೌಕರಿಗೆ ಶರಣು

ಮುಂಬಯಿಯ ಸಂಸ್ಥೆಯಲ್ಲಿ ತಮಗೆ ಸಲ್ಲಬೇಕಿದ್ದ ಬಡ್ತಿ ಆಂಗ್ಲೋ ಇಂಡಿಯನ್ ಸಹೋದ್ಯೋಗಿಯೊಬ್ಬರ ಪಾಲಾದಾಗ ಲಕ್ಷ್ಮಣರಾಯರು ನೌಕರಿಗೆ ಶರಣು ಹೊಡೆದು ಬೆಳಗಾವಿಗೆ ಮರಳಿದರು. ಅದು 1890ರ ದಶಕದ ಉತ್ತರಾರ್ಧ. ಸೈಕಲ್ ಅಂಗಡಿಯೇ ಜೀವನಕ್ಕೆ ಆಧಾರವಾಯಿತು.

ಸೈಕಲ್ ಮಾರಿದವರು ಅದರ ದುರಸ್ತಿಯನ್ನೂ ಮಾಡಬೇಕಲ್ಲವೇ? ಲೋಹವನ್ನು ಕೊರೆಯುವುದು, ಉಜ್ಜುವುದು, ಅಳತೆಗೆ ತರುವುದು ದಿನದ ಕೆಲಸವಾಯಿತು. ಅಮೆರಿಕದ ತಾಂತ್ರಿಕ ಪತ್ರಿಕೆಗಳನ್ನು ತರಿಸಿ ಓದುತ್ತಿದ್ದ ಲಕ್ಷ್ಮಣರಾಯರಿಗೆ ಬೇರೆಯವರ ಸರಕು ಮಾರುವುದಕ್ಕಿಂತ ತಮ್ಮದೇ ಸರಕು ತಯಾರಿಸುವ ಆಸೆ ಬಲಿಯಿತು. ಸುತ್ತಲಿನ ಜನರೆಲ್ಲ ರೈತರು. ಅವರಿಗೆ ಬೇಕಾದುದನ್ನು ಮಾಡಿದರೆ ಮಾತ್ರ ಬಾಳಬಹುದೆಂಬುದು ಅವರ ಲೆಕ್ಕಾಚಾರ. ಮೊದಲು ಮೇವು ಕತ್ತರಿಸುವ ಯಂತ್ರ ಬಂತು. 1903ರಲ್ಲಿ ಕಬ್ಬಿಣದ ನೇಗಿಲು ಸಿದ್ಧವಾಯಿತು.

ನೇಗಿಲು ಸಿದ್ಧವಾದರೂ ಕೊಳ್ಳುವವರು ಬರಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬ ನಂಬಿಕೆ ರೈತರಲ್ಲಿ ಬೇರೂರಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಎದೆಗುಂದದ ಸೋದರರು ರೈತರ ಮನವೊಲಿಸಿದರು. ಸೈಕಲ್ ಅಂಗಡಿ ಮೆಲ್ಲನೆ ಕಾರ್ಖಾನೆಯ ರೂಪ ತಳೆಯಿತು.

ಬೆಳಗಾವಿ ಕಳೆದುಕೊಂಡ ಕಾರ್ಖಾನೆ

ಇನ್ನೇನು ಬೇರು ಬಿಟ್ಟಿತು ಎನ್ನುವಾಗ ಹೊಸ ಸಂಕಟ ಎದುರಾಯಿತು. ಬೆಳಗಾವಿಯ ನಗರಸಭೆ ಠಳಕವಾಡಿ ಎಂಬ ಹೊಸ ಬಡಾವಣೆಗಾಗಿ ಕಾರ್ಖಾನೆಯ ಜಾಗವನ್ನೇ ಕೇಳಿತು. ಅದೇ ಇಂದಿನ ಟಿಳಕವಾಡಿ. ವರ್ಷಗಟ್ಟಲೆ ಬೆವರು ಸುರಿಸಿ ನಿಲ್ಲಿಸಿದ್ದ ಯಂತ್ರಗಳನ್ನು ಕಿತ್ತು ಎಲ್ಲಿಗೆ ಒಯ್ಯಬೇಕೆಂಬುದೇ ತೋಚದಾಯಿತು.

ಲಕ್ಷ್ಮಣರಾಯರು ಆಗ ಔಂಧ ಸಂಸ್ಥಾನದಲ್ಲಿ ದೇವಸ್ಥಾನದ ಸಭಾಮಂಟಪ ನಿರ್ಮಾಣದ ಕೆಲಸ ವಹಿಸಿಕೊಂಡಿದ್ದರು. ಅಲ್ಲಿನ ಅರಸು ಬಾಳಾಸಾಹೇಬ ಪಂತ ಪ್ರತಿನಿಧಿಯವರು ಕಲಾವಿದರು, ಗುಣಗ್ರಾಹಿಗಳು. ವಿಷಯ ತಿಳಿದ ಅವರು ಕುಂಡಲ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಭೂಮಿ ನೀಡಿದರು. ಬಡ್ಡಿಯಿಲ್ಲದ ಸಾಲವನ್ನೂ ಒದಗಿಸಿದರು.

ಕೊಟ್ಟ ನೆಲ ಬರಡು. ಪಾಪಾಸುಕಳ್ಳಿ ಬೆಳೆದು, ನಾಗರಹಾವುಗಳು ನೆಲೆಸಿದ್ದ ಜಾಗ. 1910ರಲ್ಲಿ 25 ಮಂದಿ ಕೆಲಸಗಾರರು ಮತ್ತು ಅವರ ಕುಟುಂಬಗಳೊಡನೆ ಲಕ್ಷ್ಮಣರಾಯರು ಅಲ್ಲಿಗೆ ಬಂದಿಳಿದರು. ಅದೇ ಕಿರ್ಲೋಸ್ಕರವಾಡಿ, ಇಂದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದೆ. ಕಾರ್ಖಾನೆಯ ಸುತ್ತ ಊರೊಂದನ್ನೇ ಕಟ್ಟಿದ ಅವರು ಅಲ್ಲಿ ಅಸ್ಪೃಶ್ಯತೆಗೆ ಅವಕಾಶವೀಯಲಿಲ್ಲ. ಶಿಕ್ಷೆ ಅನುಭವಿಸಿ ಬಂದವರನ್ನೂ ರಾತ್ರಿ ಕಾವಲಿಗೆ ನೇಮಿಸಿಕೊಂಡು ನಂಬಿದರು.

ಮೊದಲ ಮಹಾಯುದ್ಧದಲ್ಲಿ ಕಬ್ಬಿಣ, ಕಲ್ಲಿದ್ದಲುಗಳ ಅಭಾವ ತಲೆದೋರಿದಾಗ ಇದ್ದಿಲಿನಿಂದ ಕುಲುಮೆ ಉರಿಸಿದರು. 1920ರಲ್ಲಿ ಕಿರ್ಲೋಸ್ಕರ ಬ್ರದರ್ಸ್ ಲಿಮಿಟೆಡ್ ಕಂಪನಿ ನೋಂದಣಿಯಾಯಿತು. ನೇಗಿಲಿನ ಜೊತೆಗೆ ಕಬ್ಬಿನ ಗಾಣ, ನೀರೆತ್ತುವ ಪಂಪುಗಳೂ ರೈತರ ಹೊಲ ತಲುಪಿದವು.

ಮಗ ಶಂತನುರಾವ ಅಮೆರಿಕದ ಎಂಐಟಿಯಲ್ಲಿ ಕಲಿತು ಬಂದು ಉದ್ಯಮವನ್ನು ವಿಸ್ತರಿಸಿದರು. ಮನೆತನದ ಉದ್ಯಮ ಕನ್ನಡ ನಾಡಿಗೂ ಮರಳಿತು. 1941ರಲ್ಲಿ ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಲೇತ್ ತಯಾರಿಸುವ ಮೈಸೂರು ಕಿರ್ಲೋಸ್ಕರ ಆರಂಭವಾಯಿತು. ದಶಕಗಳ ಕಾಲ ಆ ಊರಿಗೆ ಅನ್ನವಿತ್ತ ಆ ಕಾರ್ಖಾನೆ ಈಗ ಮುಚ್ಚಿದೆ. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ ಎಲೆಕ್ಟ್ರಿಕ್ ತಲೆಯೆತ್ತಿತು. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ನಿಧನರಾದರು. 1969ರಲ್ಲಿ ಜನ್ಮಶತಾಬ್ದಿಯಂದು ಅಂಚೆ ಇಲಾಖೆ ಅವರ ಸ್ಮರಣೆಗೆ ಅಂಚೆಚೀಟಿ ಹೊರತಂದಿತು.

ದಾರಿ ಉಳಿದೀತೇ?

ಬೆಳಗಾವಿಯಲ್ಲಿ ಇಂದು ಅವರ ಮನೆತನದ ಹೆಸರು ಹೊತ್ತ ಕಿರ್ಲೋಸ್ಕರ ರಸ್ತೆಯಿದೆ. ಉದ್ಯಮಬಾಗದ ಫೌಂಡ್ರಿಗಳಲ್ಲಿ ಎರಕದ ಕೆಲಸ ನಿಂತಿಲ್ಲ. ಆದರೆ ಬಡಾವಣೆಗೆ ಜಾಗ ಬೇಕೆಂದು 1910ರ ಹೊತ್ತಿಗೆ ನಗರ ಬಿಟ್ಟುಕೊಟ್ಟದ್ದು ಏನೆಂಬುದು ತಿಳಿಯಲು ದಶಕಗಳೇ ಬೇಕಾದವು. ನಗರಗಳು ಬೆಳೆಯುವ ಭರದಲ್ಲಿ ತಮ್ಮ ಬೆಳವಣಿಗೆಯ ಬೀಜವನ್ನೇ ಹೊರಹಾಕಿದ ನಿದರ್ಶನವಿದು.

ಈ ಮಾತು ಗರಸಿನ ದಾರಿಗಳಿಗೂ ಸಲ್ಲುತ್ತದೆ. ಬೆಳಗಾವಿಯಿಂದ ಸುಮಾರು 30 ಕಿ.ಮೀ. ದೂರದ ಜಾಂಬೋಟಿ, ಅಲ್ಲಿಂದಾಚೆ ಹಬ್ಬನಹಟ್ಟಿ, ಮಲಪ್ರಭೆಯ ಉಗಮವಾದ ಕಣಕುಂಬಿ, ಇತ್ತ ಕದಂಬರ ಹಲಸಿ, ರಾಯಣ್ಣನ ಸಮಾಧಿಯಿರುವ ನಂದಗಡ, ಇವೆಲ್ಲವನ್ನೂ ಬೆಸೆಯುವ ಸಣ್ಣ ದಾರಿಗಳು ಸವಾರರ ಪಾಲಿನ ಸಂಪತ್ತು. ಮುಂಗಾರಿನಲ್ಲಿ ಇಲ್ಲಿ ಸುರಿಯುವ ಮಳೆಗೆ ಕೆಂಪು ಮಣ್ಣು ಜಾರುತ್ತದೆ, ಹಳ್ಳಗಳು ಉಕ್ಕುತ್ತವೆ. ಮಳೆ ನಿಂತ ಮೇಲೆ, ನವೆಂಬರಿನಿಂದ ಫೆಬ್ರವರಿಯವರೆಗೆ ಸವಾರಿ ಸುಖಕರ. 2011ರಲ್ಲಿ ಘೋಷಿತವಾದ ಭೀಮಗಡ ವನ್ಯಜೀವಿಧಾಮ ಇದೇ ತಾಲೂಕಿನಲ್ಲಿದ್ದು, ಸುಮಾರು 190 ಚದರ ಕಿ.ಮೀ. ವ್ಯಾಪಿಸಿದೆ. ಅದರೊಳಗಿನ ದಾರಿಗಳು ಅರಣ್ಯ ಇಲಾಖೆಯ ನಿಯಮಕ್ಕೆ ಒಳಪಟ್ಟಿವೆ ಎಂಬುದನ್ನು ಸವಾರರು ಮರೆಯಬಾರದು.

ಸೈಕಲ್ಲಿಗೆ ಬೇಕಾದುದು ಅಗಲವಾದ ಹೆದ್ದಾರಿಯಲ್ಲ, ನೆರಳಿರುವ ಸುರಕ್ಷಿತ ದಾರಿ. ಲಕ್ಷ್ಮಣರಾಯರ ಹೆಸರಿನಲ್ಲಿ ನಗರಕ್ಕೆ ಏನಾದರೂ ಮಾಡುವ ಮನಸ್ಸಿದ್ದರೆ ಇನ್ನೊಂದು ಪುತ್ಥಳಿಗಿಂತ ಅಂಥದೊಂದು ದಾರಿಯನ್ನು ಕಾಪಾಡುವುದೇ ಲೇಸು. ಅವರ ಉದ್ಯಮವೆಲ್ಲ ಆರಂಭವಾದದ್ದು ಎರಡು ಗಾಲಿಗಳಿಂದಲೇ ಅಲ್ಲವೇ?